ಟಿವಿ ಪಂಚಾಂಗ ಇನ್ನೂ ಕೊಳ್ಳುವವರು ಯಾರಾದರೂ ಇದ್ದೀರಾ?

ರೀಡಿಂಗ್_ರಾಘು
ಎಲ್ಲರಿಗೂ ನಮಸ್ಕಾರ. ವಿಷಯ ಚಿಕ್ಕದು. ಆದರೆ ಮನೆಯಲ್ಲಿ ಜಗಳ ಆಗಿದೆ, ಅದಕ್ಕೇ ಇಲ್ಲಿ ಹಾಕುತ್ತಿದ್ದೇನೆ.

ಅಪ್ಪ ಮೈಸೂರಿನಿಂದ ಬಂದು ಆರು ತಿಂಗಳು ನಮ್ಮ ಜೊತೆ ಇಂಗ್ಲೆಂಡಿನಲ್ಲಿದ್ದರು. ಎರಡನೇ ವಾರ ಹಾಲು ತರಲು ಅಂಗಡಿಗೆ ಹೋದವರು 'ರೇಡಿಯೊ ಟೈಮ್ಸ್' ಹಿಡಿದುಕೊಂಡು ಬಂದರು. ಹೆಸರಿನಲ್ಲಿ ರೇಡಿಯೊ, ಒಳಗೆ ಬಹುಪಾಲು ಟಿವಿ. ಅಲ್ಲಿಂದ ಪ್ರತಿ ವಾರ ಅದು ಬೇಕೇ ಬೇಕು. ಕಾಫಿ ಕುಡಿಯುತ್ತಾ ಕೆಂಪು ಪೆನ್ನಿನಲ್ಲಿ ಕಾರ್ಯಕ್ರಮಗಳಿಗೆ ಸುತ್ತು ಹಾಕುವುದು, ಪಕ್ಕದಲ್ಲಿ 'ರಾಘುಗೂ ಹೇಳಬೇಕು' ಅಂತ ಬರೆಯುವುದು. ಅವರು ಅದಕ್ಕಿಟ್ಟ ಹೆಸರು ಟಿವಿ ಪಂಚಾಂಗ. ಅವರಿಗೋಸ್ಕರ ಚಂದಾ ಕಟ್ಟಿದೆ.

ಈಗ ಅಪ್ಪ ಊರಿಗೆ ಹೋಗಿದ್ದಾರೆ. ಪತ್ರಿಕೆ ಮಾತ್ರ ವಾರ ವಾರ ಬಂದು ಬೀಳುತ್ತಿದೆ. ನಿಲ್ಲಿಸಿಬಿಡಿ ಅನ್ನುತ್ತಾಳೆ ಹೆಂಡತಿ. ಎಲ್ಲ ರಿಮೋಟ್‌ನಲ್ಲೇ ಸಿಗುತ್ತದಲ್ಲ ಅಂತ. ಅದೂ ಸರಿಯೇ. ನನಗೆ ಯಾಕೋ ಮನಸ್ಸು ಬರುತ್ತಿಲ್ಲ.

ಇನ್ನೊಂದು. ಪತ್ರಿಕೆಯ ಮೊದಲರ್ಧ ಪೂರ್ತಿ ಸಂದರ್ಶನ, 'ಈ ವಾರ ಇದನ್ನು ನೋಡಿ', ಸ್ಟ್ರೀಮಿಂಗ್‌ನಲ್ಲಿ ಹೊಸದೇನಿದೆ ಅನ್ನುವುದು. ವೇಳಾಪಟ್ಟಿ ಬೇಕಾದರೆ ಹಿಂದೆ ಹುಡುಕಬೇಕು. ವೇಳಾಪಟ್ಟಿಗೇ ಹುಟ್ಟಿದ ಪತ್ರಿಕೆ ಅಲ್ವಾ ಇದು? ಇವನ್ನು ಮೊಬೈಲ್ ಕೊಂದಿತಾ, ಬೇರೆ ಕಾರಣ ಇದೆಯಾ?

ಒಗ್ಗರಣೆ_ಡಬ್ಬಿ
ಮೊಬೈಲ್. ಮುಗಿಯಿತು. ಮುಂದಿನ ಪ್ರಶ್ನೆ? 😄

2004_ಮಾಡೆಲ್
ನಿಜವಾಗಿ ಕೇಳುತ್ತಿದ್ದೇನೆ, ತಮಾಷೆ ಅಲ್ಲ. ಟಿವಿಯಲ್ಲಿ ಏನು ಬರುತ್ತದೆ ಅಂತ ಹೇಳುವುದಕ್ಕೇ ದುಡ್ಡು ಕೊಟ್ಟು ಪುಸ್ತಕ ಕೊಳ್ಳುತ್ತಿದ್ದರಾ? ಚಾನೆಲ್ ಹಾಕಿ ನೋಡಿದರೆ ಗೊತ್ತಾಗುವುದಿಲ್ಲವಾ?

ಲಂಡನ್_ಲಿಂಗರಾಜ
@2004_ಮಾಡೆಲ್ ತಮ್ಮಾ, ಕೊಳ್ಳುತ್ತಿದ್ದೆವು. ನಾನು ಈ ದೇಶಕ್ಕೆ ಬಂದದ್ದು 1979ರಲ್ಲಿ. ಆಗ ಇದ್ದದ್ದೇ ಮೂರು ಚಾನೆಲ್. 1982ರಲ್ಲಿ ನಾಲ್ಕನೆಯದು ಬಂತು. ಈ ನಾಲ್ಕು ಚಾನೆಲ್‌ಗೆ ಎರಡು ಪತ್ರಿಕೆ ಕೊಳ್ಳಬೇಕಿತ್ತು! ರೇಡಿಯೊ ಟೈಮ್ಸ್‌ನಲ್ಲಿ ಬಿಬಿಸಿಯದು ಮಾತ್ರ. ಐಟಿವಿ ಮತ್ತು ಚಾನೆಲ್ 4ಕ್ಕೆ 'ಟಿವಿ ಟೈಮ್ಸ್'. ದಿನಪತ್ರಿಕೆಯಲ್ಲಿ ಆ ದಿನದ್ದು ಸಿಗುತ್ತಿತ್ತು, ವಾರಾಂತ್ಯದಲ್ಲಿ ಎರಡು ದಿನದ್ದು. ಇಡೀ ವಾರದ್ದು ಬೇಕಾದರೆ ಇವೆರಡೇ ಗತಿ.

ಕ್ರಿಸ್‌ಮಸ್‌ಗೆ ಎರಡು ವಾರದ ದಪ್ಪ ಸಂಚಿಕೆ ಬರುತ್ತಿತ್ತು, ಈಗಲೂ ಬರುತ್ತದೆ. 1988ರ ಕ್ರಿಸ್‌ಮಸ್ ಸಂಚಿಕೆ 1 ಕೋಟಿ 12 ಲಕ್ಷಕ್ಕೂ ಹೆಚ್ಚು ಪ್ರತಿ ಮಾರಾಟವಾಗಿತ್ತು. ಬ್ರಿಟನ್ನಿನ ಪತ್ರಿಕಾ ಚರಿತ್ರೆಯಲ್ಲೇ ದಾಖಲೆ ಅದು. ನಮ್ಮ ಬೀದಿಯಲ್ಲಿ ಯಾವ ಮನೆಗೆ ಹೋದರೂ ಅದೇ ಮೇಜಿನ ಮೇಲೆ. ಯಾರ ಪೆನ್ನು ಯಾವ ಬಣ್ಣ ಅಂತ ನಮ್ಮ ಮನೆಯಲ್ಲಿ ಒಪ್ಪಂದ ಇತ್ತು. ನನ್ನದು ಕಪ್ಪು, ಮನೆಯವಳದು ನೀಲಿ, ಮಕ್ಕಳದು ಹಸಿರು. ಒಂದೇ ಹೊತ್ತಿಗೆ ಎರಡು ಬಣ್ಣ ಬಿದ್ದರೆ ಪಂಚಾಯಿತಿ ಕೂರಬೇಕು.

ಒಗ್ಗರಣೆ_ಡಬ್ಬಿ
ತಡೆಯಿರಿ ಸರ್. ನಾಲ್ಕೇ ಚಾನೆಲ್ ಇದ್ದಾಗ ಕೋಟಿಗಟ್ಟಲೆ ಮಾರಾಟ. ನೂರಾರು ಚಾನೆಲ್ ಬಂದ ಮೇಲೆ ಕುಸಿತ. ಉಲ್ಟಾ ಆಗಬೇಕಿತ್ತಲ್ಲ? ಚಾನೆಲ್ ಜಾಸ್ತಿ ಆದಷ್ಟೂ ಪಟ್ಟಿ ಬೇಕಾಗುವುದಲ್ಲವಾ?

ಕರಿಕೋಟು
@ಒಗ್ಗರಣೆ_ಡಬ್ಬಿ ಅಲ್ಲೇ ಇರುವುದು ಗುಟ್ಟು, ಮೇಡಂ. ಆ ಮಾರಾಟ ಪ್ರೀತಿಯಿಂದ ಬಂದದ್ದು ಅಂತ ಲಿಂಗರಾಜ ಸರ್ ಅಂದುಕೊಂಡಿದ್ದಾರೆ. ಅದು ಗುತ್ತಿಗೆಯಿಂದ, ಅಂದರೆ ಏಕಸ್ವಾಮ್ಯದಿಂದ ಬಂದದ್ದು.

ನಾನು ವಕೀಲ. ಓದುವಾಗ ನಮಗೆ ಇದೇ ವಿಷಯದ ಒಂದು ಮೊಕದ್ದಮೆ ಪಾಠಕ್ಕಿತ್ತು. ಐರ್ಲೆಂಡಿನಲ್ಲಿ 'ಮ್ಯಾಗಿಲ್' ಅನ್ನುವವರು 1986ರಲ್ಲಿ ಎಲ್ಲ ಚಾನೆಲ್‌ಗಳ ವಾರದ ಪಟ್ಟಿಯನ್ನು ಒಂದೇ ಪತ್ರಿಕೆಯಲ್ಲಿ ಹಾಕಲು ಹೊರಟರು. ಪ್ರಸಾರ ಸಂಸ್ಥೆಗಳು ಸುಮ್ಮನಿರುತ್ತವಾ? ಪಟ್ಟಿಯ ಕೃತಿಸ್ವಾಮ್ಯ ನಮ್ಮದು ಅಂತ ಕೋರ್ಟಿಗೆ ಹೋಗಿ ತಡೆ ತಂದವು. ಅದು ಏರುತ್ತಾ ಏರುತ್ತಾ ಯುರೋಪಿನ ನ್ಯಾಯಾಲಯಕ್ಕೆ ಹೋಯಿತು. 1995ರಲ್ಲಿ ತೀರ್ಪು ಬಂತು. ಜನಕ್ಕೆ ಬೇಕಾದ ಒಂದು ಹೊಸ ಪತ್ರಿಕೆಯನ್ನು ನೀವೂ ತರುವುದಿಲ್ಲ, ತರುವವರನ್ನೂ ಬಿಡುವುದಿಲ್ಲ ಅಂದರೆ ಅದು ಬಲದ ದುರುಪಯೋಗ ಅಂತ. ಸ್ಪರ್ಧಾ ಕಾನೂನು ಓದುವವರು ಇವತ್ತಿಗೂ ಇದನ್ನು ಬಾಯಿಪಾಠ ಮಾಡುತ್ತಾರೆ. ಎಲ್ಲ ಹುಟ್ಟಿದ್ದು 'ಏಳು ಗಂಟೆಗೆ ವಾರ್ತೆ, ಎಂಟಕ್ಕೆ ಸಿನಿಮಾ' ಅನ್ನುವ ಪಟ್ಟಿಯಿಂದ!

ಬ್ರಿಟನ್ನಿನಲ್ಲಿ ಆ ಬೀಗ ಬಿಚ್ಚಿದ್ದು 1991ರ ಮಾರ್ಚ್ 1ರಂದು. ಅಂದಿನಿಂದ ಯಾರು ಬೇಕಾದರೂ ಎಲ್ಲ ಚಾನೆಲ್‌ಗಳ ಪಟ್ಟಿ ಹಾಕಬಹುದಿತ್ತು. ಆ ತಿಂಗಳೇ ಅಗ್ಗದ ಹೊಸ ಪತ್ರಿಕೆಗಳು ಅಂಗಡಿಗೆ ಬಂದವು. ದಿನಪತ್ರಿಕೆಗಳು ವಾರದ ಪಟ್ಟಿಯನ್ನು ಪುಗಸಟ್ಟೆ ಕೊಡಲು ಶುರು ಮಾಡಿದವು. ಯಾರ ಕೈಯಲ್ಲೂ ಮೊಬೈಲ್ ಇರಲಿಲ್ಲ ಆಗ.

ಲಂಡನ್_ಲಿಂಗರಾಜ
@ಕರಿಕೋಟು ಗುತ್ತಿಗೆ ಇತ್ತು, ಒಪ್ಪಿದೆ. ಆದರೆ ಅದು ಶುರುವಾದ ಕಥೆ ಕೇಳಿ. 1923ರಲ್ಲಿ ಬಿಬಿಸಿಗೆ ಇನ್ನೂ ಹಾಲುಹಲ್ಲು. ರೇಡಿಯೊ ಕಾರ್ಯಕ್ರಮಗಳ ಪಟ್ಟಿ ಹಾಕಬೇಕಾದರೆ ಜಾಹೀರಾತಿನ ದರ ಕೊಡಿ ಅಂತ ದಿನಪತ್ರಿಕೆಗಳೇ ಪಟ್ಟು ಹಿಡಿದವು. ಹಾಗಾದರೆ ನಮ್ಮದೇ ಪತ್ರಿಕೆ ಮಾಡುತ್ತೇವೆ ಅಂತ ಬಿಬಿಸಿಯ ಮುಖ್ಯಸ್ಥ ಜಾನ್ ರೀತ್ ಹೊರಟರು. ಸೆಪ್ಟೆಂಬರ್ 28ಕ್ಕೆ ಮೊದಲ ಸಂಚಿಕೆ, ಬೆಲೆ ಎರಡು ಪೆನ್ಸ್. ಗುತ್ತಿಗೆಯನ್ನು ಬಿಬಿಸಿ ಕೈಗೆ ಕೊಟ್ಟವರೇ ಪತ್ರಿಕೆಯವರು.

ಮತ್ತೆ ಪ್ರೀತಿ ಇರಲಿಲ್ಲ ಅನ್ನಬೇಡಿ. ಪ್ರೀತಿ ಇಲ್ಲದೆ ಯಾರೂ ಹಳೆ ಸಂಚಿಕೆಗಳನ್ನು ಅಟ್ಟದ ಮೇಲೆ ಕಟ್ಟಿ ಇಡುವುದಿಲ್ಲ.

ಕುಂದಾಪ್ರ_ಗಾಳಿ
ನಮ್ಮಜ್ಜಿ ಪ್ಲಾಸ್ಟಿಕ್ ಕವರ್ ಕೂಡ ಕಟ್ಟಿ ಇಡುತ್ತಿದ್ದರು. ಅದೂ ಪ್ರೀತಿಯಾ? 😂

ನ್ಯೂಜೆರ್ಸಿ_ನಳಿನಿ
ಅಮೆರಿಕದ ಕಥೆ ಬೇರೆ, ಅಲ್ಲಿ ಗುತ್ತಿಗೆಯೇ ಇರಲಿಲ್ಲ. ಆದರೂ ಗತಿ ಅದೇ ಆಯಿತು. ಹಾಗಾಗಿ ಕರಿಕೋಟು ಸರ್ ವಾದ ನನಗೆ ಪೂರ್ತಿ ಒಪ್ಪಿಗೆ ಇಲ್ಲ.

'ಟಿವಿ ಗೈಡ್' ಶುರುವಾದದ್ದು 1953ರ ಏಪ್ರಿಲ್ 3ಕ್ಕೆ. ಚಿಕ್ಕ ಪುಸ್ತಕ, ಅಂಗೈ ಅಗಲ. ಸೂಪರ್‌ಮಾರ್ಕೆಟ್‌ನಲ್ಲಿ ಬಿಲ್ ಮಾಡಿಸುವ ಜಾಗದಲ್ಲೇ ಇಟ್ಟಿರುತ್ತಿದ್ದರು, ಬ್ರೆಡ್ಡು ಮೊಟ್ಟೆ ಜೊತೆ ಅದನ್ನೂ ಬುಟ್ಟಿಗೆ ಹಾಕುವುದು. 70ರ ದಶಕದಲ್ಲಿ ವಾರಕ್ಕೆ ಹತ್ತಿರ ಹತ್ತಿರ 2 ಕೋಟಿ ಪ್ರತಿ ಹೋಗುತ್ತಿತ್ತು. ಗಮ್ಮತ್ತು ಏನೆಂದರೆ ಅದು ಒಂದು ಪತ್ರಿಕೆ ಅಲ್ಲ. ಊರಿಂದ ಊರಿಗೆ ಸ್ಟೇಷನ್ ಬೇರೆ, ನಂಬರ್ ಬೇರೆ. ಅದಕ್ಕೆ ಮಧ್ಯದ ಪುಟಗಳು ಊರಿಗೊಂದು ಥರ. ಹೀಗೆ 140 ಸ್ಥಳೀಯ ಆವೃತ್ತಿಗಳಿದ್ದವು. ಚಾನೆಲ್ ನಂಬರನ್ನು ಪುಟ್ಟ ಟಿವಿ ಆಕಾರದ ಚೌಕದೊಳಗೆ ಹಾಕಿರುತ್ತಿದ್ದರು. ಎಂಟು ಗಂಟೆ ಅಂತ ಒಂದು ಸಾಲು, ಅದರ ಕೆಳಗೆ ಆ ಹೊತ್ತಿಗೆ ಯಾವ್ಯಾವುದರಲ್ಲಿ ಏನು ಅಂತ ಪೂರ್ತಿ. ಎಂಟೂವರೆಗೆ ಮತ್ತೆ ಹಾಗೇ.

ಕೇಬಲ್ ಬಂದು ಐವತ್ತು, ನೂರು ಚಾನೆಲ್ ಆದಾಗ ಆ ರೀತಿ ಬರೆಯಲು ಎಷ್ಟು ಪುಟ ಬೇಕು, ಲೆಕ್ಕ ಹಾಕಿ. ನಮ್ಮ ಕೇಬಲ್‌ನ ನಂಬರ್ ಒಂದು, ಪಕ್ಕದ ಊರಿನ ಕೇಬಲ್‌ದು ಇನ್ನೊಂದು. ವಿವರ ಕಡಿಮೆಯಾಯಿತು, ಚೌಕಗಳು ಬಂದವು, ಚೌಕದೊಳಗಿನ ಅಕ್ಷರ ಇರುವೆ ಸಾಲಿನಂತಾಯಿತು. ಕೊನೆಗೆ 2005ರ ಅಕ್ಟೋಬರ್‌ನಲ್ಲಿ ಕೈ ಚೆಲ್ಲಿದರು. ಸ್ಥಳೀಯ ಆವೃತ್ತಿಗಳನ್ನೆಲ್ಲ ಕಿತ್ತು ಹಾಕಿ, ಪುಸ್ತಕವನ್ನು ದೊಡ್ಡ ಗಾತ್ರಕ್ಕೆ ತಂದರು. ಮುಕ್ಕಾಲು ಪಾಲು ಪಟ್ಟಿ, ಕಾಲು ಪಾಲು ಲೇಖನ ಇದ್ದದ್ದು ತಿರುಗುಮುರುಗಾಯಿತು. ಆಮೇಲೆ ಅದು ನನಗೆ ಯಾತಕ್ಕೆ? ತಾರೆಯರ ಸುದ್ದಿಗೆ ಬೇರೆ ಪತ್ರಿಕೆಗಳು ಇರಲಿಲ್ಲವಾ?

1988ರಲ್ಲಿ ಮಾಧ್ಯಮ ದೊರೆ ರೂಪರ್ಟ್ ಮರ್ಡಾಕ್ ಆ ಪತ್ರಿಕೆಯ ಇಡೀ ಕಂಪನಿಯನ್ನು ಸುಮಾರು 300 ಕೋಟಿ ಡಾಲರ್‌ಗೆ ಕೊಂಡಿದ್ದರು. 2008ರಲ್ಲಿ ಪತ್ರಿಕೆ ಕೈ ಬದಲಾದಾಗ ಬೆಲೆ ಎಷ್ಟು ಗೊತ್ತಾ? ಒಂದು ಡಾಲರ್. ಅಂಗಡಿಯಲ್ಲಿ ಒಂದು ಸಂಚಿಕೆಗೇ ಅದಕ್ಕಿಂತ ಜಾಸ್ತಿ ಇತ್ತು.

2004_ಮಾಡೆಲ್
ಒಂದು ಡಾಲರ್?? ಹಾಗಾದರೆ ಒಂದು ಸಂಚಿಕೆ ಕೊಳ್ಳುವ ಬದಲು ಕಂಪನಿಯನ್ನೇ ಕೊಳ್ಳಬಹುದಿತ್ತು.

ನ್ಯೂಜೆರ್ಸಿ_ನಳಿನಿ
ಪತ್ರಿಕೆ ಮಾತ್ರ ಪುಟ್ಟಾ. ಅದರ ಜೊತೆ ನಷ್ಟವೂ ಬರುತ್ತದೆ, ಅದನ್ನು ಯಾರು ಹೊರುತ್ತಾರೆ?

ನಿವೃತ್ತ_ಡೆಸ್ಕ್
ನಳಿನಿ ಅವರು ಹೇಳಿದ 'ಇರುವೆ ಸಾಲು' ಓದಿ ನಗು ಬಂತು. ಆ ಇರುವೆಗಳನ್ನು ಸಾಲು ಹಿಡಿಸಿದವನು ನಾನು.

ಬೆಂಗಳೂರಿನ ಒಂದು ಕನ್ನಡ ದಿನಪತ್ರಿಕೆಯಲ್ಲಿ (ಹೆಸರು ಬೇಡ) ಟಿವಿ ಕಾಲಂ ನನ್ನ ತಲೆಗೆ ಕಟ್ಟಿದ್ದರು. ಹೊಸಬರಿಗೆಲ್ಲ ಮೊದಲು ಅದೇ ಕೆಲಸ. ದೂರದರ್ಶನ ಒಂದೇ ಇದ್ದಾಗ ಸುಖವೋ ಸುಖ, ಏಳೆಂಟು ಸಾಲು ಬರೆದು ಕೊಟ್ಟರೆ ಆಯಿತು. 1994ರಲ್ಲಿ ಉದಯ ಬಂತು. 2000ದಲ್ಲಿ ಈಟಿವಿ ಕನ್ನಡ. ಹಿಂದಿ, ಇಂಗ್ಲಿಷ್, ತಮಿಳು ಚಾನೆಲ್‌ಗಳು ಬೇರೆ. ಜಾಗ ಮಾತ್ರ ಅದೇ ಒಂದು ಕಾಲಂ. ಎಂಟು ಪಾಯಿಂಟ್ ಅಕ್ಷರ ಏಳಾಯಿತು, ಏಳು ಆರಾಯಿತು. ಆರು ಪಾಯಿಂಟ್‌ನಲ್ಲಿ ಕನ್ನಡದ ಒತ್ತಕ್ಷರ ಓದಿ ನೋಡಿ, ಆಮೇಲೆ ಮಾತಾಡೋಣ. ಇಂಗ್ಲಿಷ್ ಪತ್ರಿಕೆಯವರಿಗೆ ಈ ಕಷ್ಟ ಇರಲಿಲ್ಲ.

ಪಟ್ಟಿ ಫ್ಯಾಕ್ಸ್‌ನಲ್ಲಿ ಬರುತ್ತಿತ್ತು. ಅರ್ಧ ಮಸಿ. ಸಿನಿಮಾ ಹೆಸರು ಊಹಿಸಿ ಹಾಕಿದ್ದೂ ಉಂಟು. ಪುಟ ಬಿಟ್ಟ ಮೇಲೆ ಚಾನೆಲ್‌ನವರು ಸಿನಿಮಾ ಬದಲಾಯಿಸುತ್ತಿದ್ದರು. ಮರುದಿನ ಓದುಗರ ಬೈಗುಳ ನಮಗೆ. ಒಂದು ಸಲ ರಾಜ್‌ಕುಮಾರ್ ಸಿನಿಮಾ ಅಂತ ಹಾಕಿದ್ದೆವು, ಬಂದದ್ದು ಬೇರೆ ಯಾವುದೋ. ಒಬ್ಬರು ಹೆಂಡತಿ ಮಕ್ಕಳನ್ನು ಕರೆದುಕೊಂಡು ಟಿವಿ ಇದ್ದ ನೆಂಟರ ಮನೆಗೆ ಹೋಗಿದ್ದರಂತೆ. ಬಸ್ ಚಾರ್ಜ್ ಕೊಡಿ ಅಂತ ಆಫೀಸಿಗೇ ಬಂದರು. ಕಾಫಿ ಕೊಡಿಸಿ ಕಳಿಸಿದೆ.

ಕೊನೆಗೆ ಒಂದು ದಿನ ಜಾಹೀರಾತು ಬಂತು ಅಂತ ಕಾಲಂ ತೆಗೆದರು. ಫೋನ್ ಮೇಲೆ ಫೋನ್ ಬರುತ್ತದೆ ಅಂತ ನಾನು ಕಾಯುತ್ತಾ ಕೂತೆ. ಹನ್ನೊಂದು ಬಂದವು. ಅದರಲ್ಲಿ ಒಂಬತ್ತು, ರಾಶಿ ಭವಿಷ್ಯ ಯಾಕೆ ಚಿಕ್ಕದಾಯಿತು ಅಂತ.

ಒಗ್ಗರಣೆ_ಡಬ್ಬಿ
ಹನ್ನೊಂದರಲ್ಲಿ ಉಳಿದ ಎರಡು?

ನಿವೃತ್ತ_ಡೆಸ್ಕ್
ಒಂದು ರಾಂಗ್ ನಂಬರ್. ಇನ್ನೊಂದು ನಮ್ಮಮ್ಮ.

ಕಲಬುರಗಿ_ಬಿಸಿಲು
ಎಲ್ಲರೂ ಬೆಂಗಳೂರು, ಲಂಡನ್ ಅಂತೀರಿ. ಒಂದು ಮಾತು ಹೇಳುತ್ತೇನೆ, ಬೇಜಾರಾಗಬೇಡ್ರಿ. ಕರ್ನಾಟಕದಲ್ಲಿ ಟಿವಿ ಮೊದಲು ನೋಡಿದವರು ನಾವು. 1975ರ ಆಗಸ್ಟ್‌ನಿಂದ ಒಂದು ವರ್ಷ ಉಪಗ್ರಹದ ಪ್ರಯೋಗ ನಡೆಯಿತಲ್ಲ, ಆರು ರಾಜ್ಯದ 2400 ಹಳ್ಳಿಗಳಲ್ಲಿ, ಅದರಾಗ ನಮ್ಮ ಕಡೆಯ ಹಳ್ಳಿಗಳೂ ಇದ್ದವು. ಬೆಂಗಳೂರಿಗೆ ದೂರದರ್ಶನ ಕೇಂದ್ರ ಬಂದದ್ದು 1981ರ ನವೆಂಬರ್ 1ಕ್ಕೆ. ಪಟ್ಟಿ ಗಿಟ್ಟಿ ಏನೂ ಬೇಕಾಗಿರಲಿಲ್ಲ ನಮಗೆ. ಶಾಲೆ ಮುಂದೆ ಡಬ್ಬಿ ಹೊರಗಿಟ್ಟರೆ ಊರೇ ಕೂಡುತ್ತಿತ್ತು ಅಂತ ನಮ್ಮಪ್ಪ ಹೇಳುತ್ತಿದ್ದರು. ಏನು ಬರುತ್ತದೋ ಅದನ್ನೇ ನೋಡುವುದು.

ಕುಂದಾಪ್ರ_ಗಾಳಿ
ಈಗ ನಾನೂ ಹಾಗೇ ನೋಡುವುದು ಮಾರಾಯ್ರೆ. ಮೊಬೈಲ್ ಏನು ತೋರಿಸುತ್ತದೋ ಅದು.

ರೀಡಿಂಗ್_ರಾಘು
ಇಷ್ಟು ಉತ್ತರ ಬರುತ್ತದೆ ಅಂತ ಅಂದುಕೊಂಡಿರಲಿಲ್ಲ. ಎಲ್ಲರಿಗೂ ಥ್ಯಾಂಕ್ಸ್.

ಅಪ್ಪನ 'ಪಂಚಾಂಗ' ಮಾತಿಗೆ ಒಂದು ಕಾರಣ ಇದೆ. ರೇಡಿಯೊ ಟೈಮ್ಸ್‌ನಲ್ಲಿ ಶನಿವಾರದ ಪುಟದ ಕೊನೆಯಲ್ಲಿ ರಾತ್ರಿ 12.30ರ ಸಿನಿಮಾ ಇರುತ್ತದೆ. ಕ್ಯಾಲೆಂಡರ್ ಪ್ರಕಾರ ಅದು ಭಾನುವಾರ ಅಲ್ವಾ? ನಾನು ಎಷ್ಟೋ ಸಲ ತಪ್ಪು ದಿನ ರೆಕಾರ್ಡ್‌ಗೆ ಹಾಕಿದ್ದೇನೆ. ಅಪ್ಪನಿಗೆ ಮೊದಲ ದಿನವೇ ಅರ್ಥವಾಯಿತು. "ಸೂರ್ಯೋದಯದಿಂದ ಸೂರ್ಯೋದಯಕ್ಕೆ ಒಂದು ದಿನ ಕಣೋ, ನಮ್ಮ ಒಂಟಿಕೊಪ್ಪಲ್ ಪಂಚಾಂಗದ ಥರವೇ" ಅಂದರು.

ಲಂಡನ್_ಲಿಂಗರಾಜ
ಆ 12.30ಕ್ಕೆ ನಾನೂ ಸಿಕ್ಕಿಬಿದ್ದಿದ್ದೇನೆ! 90ರ ದಶಕದಲ್ಲಿ ಪಟ್ಟಿಯಲ್ಲಿ ಪ್ರತಿ ಕಾರ್ಯಕ್ರಮದ ಪಕ್ಕ ಒಂದು ನಂಬರ್ ಕೊಡುತ್ತಿದ್ದರು. ವಿಸಿಆರ್‌ಗೆ ಆ ನಂಬರ್ ಒತ್ತಿದರೆ ದಿನ, ಹೊತ್ತು, ಚಾನೆಲ್ ಎಲ್ಲ ಅದೇ ತಿಳಿದುಕೊಂಡು ರೆಕಾರ್ಡ್ ಮಾಡುತ್ತಿತ್ತು. ಅದು ಬಂದಾಗ ಪತ್ರಿಕೆಗೆ ಮತ್ತೆ ಬೆಲೆ ಬಂತು, ಯಾಕೆಂದರೆ ನಂಬರ್ ಇರುವುದು ಪತ್ರಿಕೆಯಲ್ಲಿ. ನಾನು ಒಂದು ಅಂಕಿ ತಪ್ಪು ಒತ್ತಿ ಮದುವೆ ವಾರ್ಷಿಕೋತ್ಸವಕ್ಕೆ ಮನೆಯವಳು ಕೇಳಿದ್ದ ಸಿನಿಮಾ ಬದಲು ಮೂರು ಗಂಟೆ ಸ್ನೂಕರ್ ರೆಕಾರ್ಡ್ ಮಾಡಿದೆ. ಇವತ್ತಿಗೂ ಎತ್ತಿ ಆಡುತ್ತಾಳೆ.

2004_ಮಾಡೆಲ್
ಪಂಚಾಂಗ ಅಂದದ್ದಕ್ಕೆ ಕೇಳುತ್ತೇನೆ. ಪಂಚಾಂಗದ ಆಪ್ ಎಷ್ಟು ಬೇಕು ಅಷ್ಟಿವೆ. ಆದರೂ ನಮ್ಮ ಮನೆಯಲ್ಲಿ ಯುಗಾದಿಗೆ ಕಾಗದದ್ದೇ ತರುತ್ತಾರೆ, ಗೋಡೆಗೆ ಕ್ಯಾಲೆಂಡರ್ ಕೂಡ. ಮೊಬೈಲ್ ಕೊಂದಿತು ಅನ್ನುವುದಾದರೆ ಅವೂ ಸಾಯಬೇಕಿತ್ತಲ್ಲ?

ಕರಿಕೋಟು
ಶಹಬ್ಬಾಸ್. ಒಳ್ಳೆ ಪಾಟೀಸವಾಲು.

ನಿವೃತ್ತ_ಡೆಸ್ಕ್
@2004_ಮಾಡೆಲ್ ಉತ್ತರ ಸುಲಭ. ಏಕಾದಶಿ ಯಾವತ್ತು ಅಂತ ಒಂದು ಸಲ ಅಚ್ಚಾದರೆ ಆಯಿತು. ಕೊನೆ ಗಳಿಗೆಯಲ್ಲಿ ಯಾರೂ ಅದನ್ನು ಮುಂದೆ ಹಾಕುವುದಿಲ್ಲ. ಏಕಾದಶಿ 200 ಚಾನೆಲ್‌ನಲ್ಲಿ ಬೇರೆ ಬೇರೆ ಹೊತ್ತಿಗೆ ಬರುವುದೂ ಇಲ್ಲ. ಪುಟಕ್ಕೆ ಹಿಡಿಸುವ ವಿಷಯ ಕಾಗದದಲ್ಲಿ ಉಳಿಯುತ್ತದೆ. ಟಿವಿ ಪುಟದ ಹೊರಗೆ ಚೆಲ್ಲಿತು, ಅಷ್ಟೇ. ಮೊಬೈಲ್ ಬರುವ ಹೊತ್ತಿಗೆ ನನ್ನ ಕಾಲಂ ಸತ್ತು ತಿಥಿ ಆಗಿತ್ತು.

ಹ್ಯಾಂಬರ್ಗ್_ಹೆಗಡೆ
ಅಷ್ಟು ಬೇಗ ತಿಥಿ ಮಾಡಬೇಡಿ. ಜರ್ಮನಿಗೆ ಬಂದು ನೋಡಿ. ಇಲ್ಲಿ ಅಂಗಡಿಯಲ್ಲಿ ಟಿವಿ ಪತ್ರಿಕೆಗಳದ್ದೇ ಒಂದು ಸಾಲು. 'ಹ್ಯೋರ್‌ತ್ಸು' ಅಂತ ಒಂದಿದೆ, ಯುದ್ಧ ಮುಗಿದ ಮರುವರ್ಷ 1946ರಲ್ಲಿ ನಮ್ಮ ಹ್ಯಾಂಬರ್ಗ್‌ನಲ್ಲೇ ಶುರುವಾದದ್ದು. ಹೆಸರಿನ ಅರ್ಥ 'ಕಿವಿಗೊಡು'. ಅದೂ ರೇಡಿಯೊ ಕಾಲದ ಹೆಸರೇ, ಈಗ ತುಂಬ ಟಿವಿ. ಮೆಕ್ಕಿ ಅಂತ ಒಂದು ಮುಳ್ಳುಹಂದಿ ಅದರ ಗುರುತು, ಅಜ್ಜಂದಿರಿಗೆಲ್ಲ ಗೊತ್ತು.

ಇಲ್ಲಿಯವರು ಒಂದು ಉಪಾಯ ಮಾಡಿದರು. ವಾರಕ್ಕೊಂದರ ಬದಲು ಎರಡು ವಾರಕ್ಕೆ ಒಂದು ಪತ್ರಿಕೆ. 90ರ ದಶಕದಲ್ಲಿ ಬಂದವು ಬಹಳಷ್ಟು ಹಾಗೇ. ಗಿರಾಕಿಗೆ ಖರ್ಚು ಕಡಿಮೆ, ಅಂಗಡಿಯಲ್ಲಿ ಹೆಚ್ಚು ದಿನ ಇರುತ್ತದೆ. ನಳಿನಿ ಅವರ ಟಿವಿ ಗೈಡ್ ಕೂಡ ಈಗ ಎರಡು ವಾರಕ್ಕೊಂದೇ ಅಲ್ವಾ? ಆದರೆ ಕೊಳ್ಳುವವರು ಯಾರು ಅಂದರೆ, ನನ್ನ ಮುಂದೆ ಸಾಲಿನಲ್ಲಿ ನಿಂತಿರುವುದು ಎಲ್ಲ ಎಪ್ಪತ್ತು ದಾಟಿದವರೇ.

ನ್ಯೂಜೆರ್ಸಿ_ನಳಿನಿ
@ಹ್ಯಾಂಬರ್ಗ್_ಹೆಗಡೆ ಹೌದು, ಅದೂ ಎರಡು ವಾರಕ್ಕೊಂದೇ. ಎಪ್ಪತ್ತು ದಾಟಿದವರು ಅಂತ ಹಗುರವಾಗಿ ಹೇಳಬೇಡಿ. ನಮ್ಮತ್ತೆಗೆ ರಿಮೋಟ್‌ನ ಗೈಡ್ ಒತ್ತಿದರೆ ಪರದೆ ತುಂಬಾ ಚೌಕ. ಮೇಲೆ ಕೆಳಗೆ ಹೋಗಿ ಹೋಗಿ, ಎಲ್ಲಿದ್ದೆ ಅಂತಲೇ ಮರೆಯುತ್ತಾರೆ. ಕಾಗದದಲ್ಲಿ ಬೆರಳಿಟ್ಟರೆ ಬೆರಳು ಅಲ್ಲೇ ಇರುತ್ತದೆ. ಜೊತೆಗೆ, ಆ ಗೈಡ್‌ನಲ್ಲಿ ಸ್ಟ್ರೀಮಿಂಗ್ ಸಿನಿಮಾ ಹುಡುಕಲು ಹೋದರೆ ಅವರವರ ಆಪ್ ಅವರವರದನ್ನೇ ಮುಂದೆ ತಳ್ಳುತ್ತದೆ. ಎಲ್ಲರದನ್ನೂ ಒಂದೇ ಕಡೆ ಹಾಕಿ, ಇದು ಚೆನ್ನಾಗಿದೆ ಇದು ಬೇಡ ಅನ್ನುವವರು ಈಗ ಯಾರಿದ್ದಾರೆ? ರಾಘು ಅವರು ಬೇಜಾರು ಮಾಡಿಕೊಂಡ 'ಇದನ್ನು ನೋಡಿ' ಪುಟಗಳೇ ನನಗೆ ಈಗ ಬೇಕಾಗಿರುವುದು.

ಕರಿಕೋಟು
ಅಂದರೆ ಮತ್ತೆ ಮ್ಯಾಗಿಲ್ ಕಥೆಯೇ. ನನ್ನದು ನಾನೇ ತೋರಿಸುತ್ತೇನೆ, ಎಲ್ಲರದೂ ಒಂದೇ ಕಡೆ ಬೇಡ.

ಮೈಸೂರ್_ಪಾಕು
ತಡವಾಗಿ ಬಂದೆ. ರಾಘು ಅವರ ತಂದೆ ನಮ್ಮೂರಿನವರು ಅಂತ ಗೊತ್ತಾಗಿ ಇದನ್ನು ಹೇಳಲೇಬೇಕು. ನಮ್ಮ ದೇಶದಲ್ಲೂ ಇಂಥ ಪತ್ರಿಕೆ ಇತ್ತು. 1927ರಲ್ಲಿ ಮುಂಬೈನಲ್ಲಿ ರೇಡಿಯೊ ಶುರುವಾದಾಗ ಬಂದದ್ದು 'ಇಂಡಿಯನ್ ರೇಡಿಯೊ ಟೈಮ್ಸ್', ಹೆಸರೂ ಅಲ್ಲಿಂದಲೇ ತಂದದ್ದು. 1935ರ ಕೊನೆಗೆ ಅದು 'ಇಂಡಿಯನ್ ಲಿಸನರ್' ಆಯಿತು. ಸ್ಕ್ಯಾನ್ ಮಾಡಿದ ಹಳೆ ಸಂಚಿಕೆಗಳು ನೆಟ್‌ನಲ್ಲಿವೆ, ಯಾವ ಊರಿನ ಸ್ಟೇಷನ್‌ನಲ್ಲಿ ಯಾರು ಹಾಡಿದರು ಅಂತ ನಿಮಿಷ ಸಮೇತ ಸಿಗುತ್ತದೆ. 1958ರಲ್ಲಿ ಅದಕ್ಕೆ 'ಆಕಾಶವಾಣಿ' ಅಂತ ಹೆಸರಿಟ್ಟರು. ಆ ಹೆಸರು ಎಲ್ಲಿಯದು? ನಮ್ಮ ಮೈಸೂರಿನದು! 1935ರಲ್ಲಿ ಎಂ.ವಿ. ಗೋಪಾಲಸ್ವಾಮಿ ಅವರು ತಮ್ಮ ಮನೆಯಲ್ಲೇ ನಡೆಸಿದ ಸ್ಟೇಷನ್‌ನ ಹೆಸರು ಅದು.

ಕಲಬುರಗಿ_ಬಿಸಿಲು
ಬಂತು ನೋಡ್ರಿ ಮೈಸೂರು. ಅಂತೂ ಎಲ್ಲ ನಿಮ್ಮದೇ.

ಮೈಸೂರ್_ಪಾಕು
ಟಿವಿ ನಿಮಗೆ ಬಿಟ್ಟಿದ್ದೇವೆ ಸರ್. ರೇಡಿಯೊ ನಮಗಿರಲಿ.

ಲಂಡನ್_ಲಿಂಗರಾಜ
ಹಳೆಯದು ಅಂದದ್ದಕ್ಕೆ: ರೇಡಿಯೊ ಟೈಮ್ಸ್‌ನ 1923ರಿಂದ 2009ರವರೆಗಿನ ಪಟ್ಟಿಯನ್ನು ಬಿಬಿಸಿಯೇ 'ಜೀನೋಮ್' ಅಂತ ನೆಟ್‌ಗೆ ಹಾಕಿದೆ. ನಾನು ಈ ದೇಶಕ್ಕೆ ಬಂದಿಳಿದ ದಿನ ರಾತ್ರಿ ಟಿವಿಯಲ್ಲಿ ಏನಿತ್ತು ಅಂತ ಹುಡುಕಿದೆ. ಸಿಕ್ಕಿತು. ಆ ರಾತ್ರಿ ಚಳಿಯಲ್ಲಿ ಮನೆ ನೆನೆಸಿಕೊಂಡು ಅತ್ತಿದ್ದೆ, ಟಿವಿ ಎಲ್ಲಿ ನೋಡಿದೆ!

ರೀಡಿಂಗ್_ರಾಘು
ಅಪ್‌ಡೇಟ್. ಚಂದಾ ನಿಲ್ಲಿಸಿದೆವು. ಕ್ರಿಸ್‌ಮಸ್ ಸಂಚಿಕೆ ಮಾತ್ರ ಅಂಗಡಿಯಲ್ಲಿ ಕೊಳ್ಳುವುದು ಅಂತ ರಾಜಿ ಆಗಿದೆ. ನಿನ್ನೆ ಫೋನ್‌ನಲ್ಲಿ ಅಪ್ಪನಿಗೆ ಹೇಳಿದೆ. ಬೇಜಾರು ಮಾಡಿಕೊಳ್ಳಬಹುದು ಅಂತ ಭಯ ಇತ್ತು. "ನಿಲ್ಲಿಸು, ಸುಮ್ನೆ ದುಡ್ಡು ದಂಡ" ಅಂದರು. ಒಂದು ನಿಮಿಷ ಬಿಟ್ಟು, "ಹಳೆಯವನ್ನು ಬಿಸಾಡಬೇಡ. ಜೂನ್ ಮೂರನೇ ವಾರದ್ದರಲ್ಲಿ ಪದಬಂಧ ಅರ್ಧಕ್ಕೇ ನಿಂತಿದೆ. ಫೋಟೊ ತೆಗೆದು ಕಳಿಸು" ಅಂದರು.

ಗ್ಯಾರೇಜಿನಲ್ಲಿ ಹುಡುಕುತ್ತಿದ್ದೇನೆ. ಮೇ ತಿಂಗಳದ್ದು ಎಲ್ಲ ಸಿಕ್ಕಿದೆ.

ಕುಂದಾಪ್ರ_ಗಾಳಿ
ಸಿಕ್ಕಿದರೆ ಇಲ್ಲೂ ಹಾಕಿ ಮಾರಾಯ್ರೆ. ಎಷ್ಟು ಮನೆ ಬಾಕಿ ಇದೆ?